ಎರಡು ಸಲ ಬಂದ ಕಲ್ಲು

ಮಾರ್ಚ್ 4, ಸೋಮವಾರ

ಕೆಲಸದಿಂದ ಅಮಾನತಾಗಿ ಇವತ್ತಿಗೆ ಇಪ್ಪತ್ತು ದಿನ. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಕಾಲು ತಾನಾಗಿ ಮಂಚದಡಿ ಬೂಟು ಹುಡುಕುತ್ತದೆ, ಆಮೇಲೆ ನೆನಪಾಗುತ್ತದೆ. ವಾಪಸ್ ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು. ಸೂರು ನೋಡುತ್ತಾ ಬಿದ್ದಿರುತ್ತೇನೆ.

ಈ ನೋಟ್‌ಬುಕ್ ಭಾವ ತಂದುಕೊಟ್ಟದ್ದು. ನನ್ನ ಹೆಂಡತಿಯ ಅಣ್ಣ, ನಮ್ಮ ನೌಕರರ ಸಂಘದ ಕಚೇರಿಯಲ್ಲಿ ಗುಮಾಸ್ತರು, ನಿಯಮದ ಪುಸ್ತಕ ಅರೆದು ಕುಡಿದವರು. ನಡೆದದ್ದನ್ನು ಬರೆದಿಡು, ವಿಚಾರಣೆಯಲ್ಲಿ ಹತ್ತು ಸಲ ಕೇಳಿದರೆ ಹತ್ತು ಸಲವೂ ಒಂದೇ ಮಾತು ಬರಬೇಕು ಅಂದರು. ಸರಿ, ಬರೆಯುತ್ತೇನೆ.

ಫೆಬ್ರವರಿ 13. ನಾನು ಓಡಿಸುವುದು ರೈಲು ಹಳಿಯ ಮೇಲಿನ ಕರೆಂಟು ತಂತಿ ರಿಪೇರಿ ಮಾಡುವ ಗಾಡಿ. ಅದನ್ನು ಯಾರ್ಡಿನ ಮೂರನೇ ಬದಿ ಹಳಿಯಲ್ಲಿ ನಿಲ್ಲಿಸಿದೆ. ಅಲ್ಲಿ ಸ್ವಲ್ಪ ಇಳಿಜಾರು. ಕೈಬ್ರೇಕು ಪೂರ್ತಿ ತಿರುಗಿಸಿದೆ. ಆ ಕೈಬ್ರೇಕು ಹೆಸರಿಗಷ್ಟೇ ಇರುವುದು, ಅದು ಎಲ್ಲರಿಗೂ ಗೊತ್ತು, ದೂರಿನ ಪುಸ್ತಕದಲ್ಲಿ ನಾನೇ ಎರಡು ಸಲ ಬರೆದಿದ್ದೇನೆ. ಅದಕ್ಕೇ ಚಕ್ರದಡಿ ಮರದ ಬೆಣೆ ಇಡಬೇಕು. ಬೆಣೆ ಇಡುವುದು ನನ್ನ ಸಹಾಯಕ ಶಿಳ್ಳೆಯ ಕೆಲಸ. ಇಟ್ಟಾದ ಮೇಲೆ ಎರಡು ಸಲ ಶಿಳ್ಳೆ ಹೊಡೆಯುತ್ತಾನೆ, ಆ ಹೆಸರು ಬಂದದ್ದೇ ಹಾಗೆ. ಅದು ಕೇಳಿಸಿದ ಮೇಲೆ ನಾನು ಗಾಡಿಯ ಬದಿಗೆ ಎರಡು ಸಲ ಬಡಿಯುತ್ತೇನೆ. ಯಾವ ನಿಯಮದಲ್ಲೂ ಇಲ್ಲದ್ದು, ಹನ್ನೊಂದು ವರ್ಷದಿಂದ ನಾವಿಬ್ಬರು ಮಾಡಿಕೊಂಡು ಬಂದದ್ದು. ಆವತ್ತು ಶಿಳ್ಳೆ ಕೇಳಿಸಲಿಲ್ಲ. ಪಕ್ಕದಲ್ಲಿ ಗೂಡ್ಸ್ ಹೋಗುತ್ತಿತ್ತು, ಆ ಸದ್ದಿನಲ್ಲಿ ಮುಳುಗಿರಬೇಕು ಅಂದುಕೊಂಡೆ. ಇಬ್ಬರು ತಂತಿಯವರು ಮೇಲೆ ಹತ್ತಿದರು. ಗಾಡಿ ಮೆಲ್ಲಗೆ ಕದಲಿತು. ಹಿಂದೆ ಸಾಮಾನಿನ ಬಂಡಿ ಇತ್ತು, ನಡುವೆ ಶಿಳ್ಳೆ ನಿಂತಿದ್ದ. ಎಡಗಾಲು ಮೊಣಕಾಲ ಕೆಳಗೆ ಹೋಯಿತು. ಬೆಣೆ ಜಲ್ಲಿಯ ಮೇಲೆ ಸಿಕ್ಕಿತು.

ಅಧಿಕಾರಿ ಮೂರು ಸಲ ಕೇಳಿದರು, ಮೂರು ಸಲವೂ ಇದನ್ನೇ ಹೇಳಿದೆ. ನಾನು ಗಾಡಿಯ ಬದಿಗೆ ಬಡಿದೆನೋ ಇಲ್ಲವೋ ಅಂತ ಅವರು ಕೇಳಲಿಲ್ಲ.

ಇವಳು ಒಗೆಯಲು ಬಟ್ಟೆ ತೆಗೆಯುವಾಗ ಕೆಲಸದ ಕೈಗವಸು ಒಂದೇ ಇದೆ, ಎಡಗೈದು ಎಲ್ಲಿ ಅಂದಳು. ಒಬ್ಬ ಮನುಷ್ಯನ ಕಾಲು ಹೋಗಿದೆ, ನಿನಗೆ ಗವಸಿನ ಚಿಂತೆ ಅಂತ ರೇಗಿದೆ. ಪಾಪ, ಅವಳದೇನು ತಪ್ಪು.

ಮಾರ್ಚ್ 5, ಮಂಗಳವಾರ

ಸುಮ್ಮನೆ ಕೂತರೆ ತಲೆ ಕೆಟ್ಟು ಕೆರ ಹಿಡಿಯುತ್ತದೆ. ಕಂಪ್ಯೂಟರ್ ತೆರೆದೆ.

ಐದು ವರ್ಷದಿಂದ ಇದೊಂದು ಹುಚ್ಚು. ಮನೆಯಲ್ಲೇ ಕೂತು ರೈಲು ಓಡಿಸುವ ಆಟವಿದೆ, ಸಿಮ್ಯುಲೇಟರ್. ಅದರೊಳಗಿನ ಗಾಡಿಗಳನ್ನು ನಮ್ಮಂಥ ಕೆಲಸವಿಲ್ಲದವರು ಕೂತು ಕಟ್ಟಿ, ಗುಂಪಿನಲ್ಲಿ ಪುಕ್ಕಟೆ ಹಂಚುತ್ತೇವೆ. ಹಗಲೆಲ್ಲ ನಿಜವಾದ ಗಾಡಿ ಓಡಿಸಿ ಸಂಜೆ ಸುಳ್ಳು ಗಾಡಿ ಕಟ್ಟುವವನು ನಾನೊಬ್ಬನೇ ಇರಬೇಕು. ಗುಂಪಿನಲ್ಲಿ ನನ್ನ ಹೆಸರು ಡಬ್ಬಿ. ಯಾಕೆಂದರೆ ನಾನು ಕಟ್ಟಿದ್ದರಲ್ಲಿ ಮುಕ್ಕಾಲು ಪಾಲು ಸರಕಿನ ಕಂಟೇನರುಗಳು.

ಕಂಟೇನರಿನಲ್ಲಿ ಏನಿದೆ ಮಹಾ, ಆರು ಮುಖದ ಪೆಟ್ಟಿಗೆ ಅನ್ನುತ್ತಾರೆ. ಕೂತು ಕಟ್ಟಲಿ, ಗೊತ್ತಾಗುತ್ತದೆ. ತಗಡಿನ ಮಡಿಕೆಗಳು, ಬಾಗಿಲಿನ ನಾಲ್ಕು ಅಗುಳಿಕಂಬಿ, ಎಂಟು ಮೂಲೆಗೆ ಎಂಟು ಉಕ್ಕಿನ ಗಟ್ಟಿ, ಕ್ರೇನ್ ತಗುಲಿ ಒಳಗೆ ಹೋದ ಜಾಗ, ಆ ಜಾಗದಿಂದ ಇಳಿದ ತುಕ್ಕು. ತುಕ್ಕು ನೀರು ಹರಿದ ದಾರಿಯಲ್ಲೇ ಇಳಿಯಬೇಕು, ಮನಸ್ಸಿಗೆ ಬಂದ ಕಡೆ ಬಳಿದರೆ ನೋಡಿದವರು ಉಗಿಯುತ್ತಾರೆ. ಆಕಾರ ಕಟ್ಟಿ, ಮೇಲೆ ಫೋಟೋವನ್ನು ಚರ್ಮದ ಹಾಗೆ ಹೊದಿಸಿದರೆ ಅದಕ್ಕೆ ಜೀವ ಬರುತ್ತದೆ.

ಇವತ್ತು ಎರಡು ಮುಗಿಸಿದೆ, ಒಂದು ನೀಲಿ, ಒಂದು ಕಾವಿ ಬಣ್ಣದ್ದು. ಡಬ್ಬಿಗೆ ಬ್ರೇಕೂ ಇಲ್ಲ, ಚಕ್ರವೂ ಇಲ್ಲ. ಇಟ್ಟ ಕಡೆ ಇರುತ್ತದೆ. ಅದಕ್ಕೇ ಇಷ್ಟ.

ಮಾರ್ಚ್ 9, ಶನಿವಾರ

ಗುಂಪಿನವರು ನಮ್ಮ ಯಾರ್ಡನ್ನೇ ನೋಡಿ ಕಟ್ಟಿದ ಇಡೀ ಸೆಟ್ಟು ಈ ತಿಂಗಳು ಬಿಡುಗಡೆ ಮಾಡುತ್ತಾರಂತೆ. ತಂತಿ ರಿಪೇರಿ ಗಾಡಿ ಡಬ್ಬಿಯದ್ದೇ ಆಗಬೇಕು, ಎಲ್ಲಿಗೆ ಬಂತು ಅಂತ ಕೇಳಿದ್ದಾರೆ. ಆರು ತಿಂಗಳ ಹಿಂದೆ ದೊಡ್ಡದಾಗಿ ಒಪ್ಪಿಕೊಂಡವನು ನಾನೇ. ಬೇಡ ಅನ್ನೋಣ ಅಂದುಕೊಂಡೆ. ಆಮೇಲೆ, ಇನ್ನೇನು ಮಾಡಲಿ ಇಡೀ ದಿನ, ಅಂತ ಶುರು ಮಾಡಿದೆ.

ಫೋಟೋಗಳು ಇವೆ. ಕೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ ತೆಗೆದದ್ದು, ಕಿಟಕಿ, ಏಣಿ, ಮೇಲಿನ ಅಟ್ಟ, ಡ್ರೈವರ್ ಸೀಟಿನ ಹರಿದ ರೆಕ್ಸಿನ್ ಸಮೇತ. ಚಕ್ರದ್ದು ಮಾತ್ರ ಕೊನೆಗೆ ಉಳಿದಿತ್ತು. ಅದನ್ನು ತೆಗೆದದ್ದು ಆವತ್ತೇ, 13ನೇ ತಾರೀಕು. ಬೆಳಕು ಚೆನ್ನಾಗಿತ್ತು.

ಫೋಟೋವನ್ನು ಬಳಸುವ ಮುಂಚೆ ಕಸ ಗುಡಿಸಬೇಕು. ಪಕ್ಕದ ಜಲ್ಲಿಯನ್ನು ನಕಲು ಮಾಡಿ ಕಸದ ಮೇಲೆ ಒತ್ತುವುದು, ಐದು ನಿಮಿಷದ ಕೆಲಸ. ಚಕ್ರದ ಫೋಟೋದಲ್ಲಿ ಎಡಗಡೆ ಕೆಳಗೆ ಒಂದು ಮರದ ತುಂಡು, ಅದರ ಮೇಲೆ ಏನೋ ಬಟ್ಟೆ ಬಿದ್ದಿತ್ತು. ಅಳಿಸಿದೆ. ಚಕ್ರ ಚೊಕ್ಕವಾಗಿ ಬಂದಿದೆ, ಹಳಿಗೆ ತಾಗುವ ಜಾಗದವರೆಗೂ ಏನೂ ಅಡ್ಡವಿಲ್ಲ.

ಮಾರ್ಚ್ 12, ಮಂಗಳವಾರ

ಭಾವ ಬಂದಿದ್ದರು. ವಿಚಾರಣೆ ಏಪ್ರಿಲ್ 3ಕ್ಕೆ ಅಂತ ಗೊತ್ತಾಗಿದೆ. ತಪ್ಪು ನನ್ನದಾದರೆ ನೌಕರಿಯಿಂದಲೇ ವಜಾ, ಶಿಳ್ಳೆಯದಾದರೆ ನಾನು ವಾಪಸ್ ಸೀಟಿಗೆ. ಮಧ್ಯದ ದಾರಿ ಅಂತ ಒಂದಿಲ್ಲವಂತೆ.

ಚಹಾ ಕುಡಿಯುತ್ತಾ ನನ್ನ ಹಿಂದೆ ಬಂದು ನಿಂತರು. ಪರದೆಯ ಮೇಲೆ ಚಕ್ರದ ಫೋಟೋ ಇತ್ತು. ಇದು ಯಾವತ್ತಿಂದು ಅಂದರು. ಹೇಳಿದೆ. ಎಷ್ಟು ಗಂಟೆಗೆ ಅಂದರು. ನೋಡಿ ಹೇಳಿದೆ, ಹತ್ತು ನಲವತ್ತೆರಡು. ಗಾಡಿ ಕದಲಿದ್ದು ಹತ್ತು ಐವತ್ತೈದಕ್ಕೆ. ಭಾವ ಲೋಟ ಕೆಳಗಿಟ್ಟರು.

"ಇದರಲ್ಲಿ ಬೆಣೆ ಎಲ್ಲಿದೆ?"

ಇಲ್ಲ ಅಂದೆ.

"ಇಷ್ಟು ದಿನ ಇದನ್ನ ಮಡಿಲಲ್ಲಿಟ್ಕೊಂಡು ಸುಮ್ನೆ ಕೂತಿದ್ದೀಯಲ್ಲ ಮಾರಾಯ. ನಿನ್ನ ನೌಕರಿ ಇರೋದೇ ಇದರಲ್ಲಿ."

ಚಕ್ರದ ಫೋಟೋ ತೆಗೆಯುವಾಗ ಬೆಣೆ ಇಲ್ಲದ್ದು ನಿನಗೆ ಕಾಣಲಿಲ್ಲವಾ ಅಂತ ವಿಚಾರಣೆಯಲ್ಲಿ ಕೇಳುತ್ತಾರೆ, ಫೋಟೋದ ಗಮನದಲ್ಲಿದ್ದೆ ಅನ್ನು, ಅದು ಚಿಕ್ಕ ತಪ್ಪು, ಶಿಳ್ಳೆ ಬೆಣೆ ಇಡದೇ ಇದ್ದದ್ದು ದೊಡ್ಡ ತಪ್ಪು ಅಂತ ಪಾಠ ಹೇಳಿಕೊಟ್ಟರು. ಅಂಗಡಿಗೆ ಹೋಗಿ ಎರಡು ಪ್ರಿಂಟ್ ತೆಗೆಸಿ, ಒಂದನ್ನು ಸೀದಾ ಕಚೇರಿಗೆ ಕೊಟ್ಟು ಬಂದರಂತೆ.

ಇವಳ ಮುಖದಲ್ಲಿ ತಿಂಗಳಾದ ಮೇಲೆ ನಗು ಕಂಡೆ. ನನಗೆ ಮಾತ್ರ ಊಟ ಸೇರಲಿಲ್ಲ. ಬಿಸಿಲಿಗೆ ಇರಬೇಕು.

ಮಾರ್ಚ್ 13, ಬುಧವಾರ

ಏಣಿ ಕಟ್ಟಿದೆ. ಹನ್ನೊಂದು ಮೆಟ್ಟಿಲು. ಬೇರೇನೂ ಇಲ್ಲ.

ಮಾರ್ಚ್ 17, ಭಾನುವಾರ

ಶಿಳ್ಳೆಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಹೋಗಬೇಡ ಅಂತ ಭಾವ ಹೇಳಿದ್ದರು. ಹೋಗದಿದ್ದರೆ ಜನ ಏನಂದಾರು ಅಂತ ಇವಳು. ಹೋದೆ.

ಎರಡನೇ ಮಹಡಿಯ ಮನೆ, ಕಡಿದಾದ ಮೆಟ್ಟಿಲು. ಈ ಮೆಟ್ಟಿಲು ಇವನು ಇನ್ನು ಹೇಗೆ ಇಳಿದಾನು ಅಂತ ಹತ್ತುವಾಗಲೇ ಅನ್ನಿಸಿತು. ಅವನ ಹೆಂಡತಿ, ನನಗೆ ಅತ್ತಿಗೆ, ಬಾಗಿಲು ತೆಗೆದು, ಸೊರಗಿ ಹೋಗಿದ್ದೀಯಲ್ಲಪ್ಪ ಅಂದರು. ನನಗೆ. ನಾನು ಸೊರಗಿದ್ದೀನಂತೆ.

ಅವನು ಕಿಟಕಿಯ ಹತ್ತಿರ ಮಂಚದ ಮೇಲಿದ್ದ. ಹೊದಿಕೆ ಒಂದು ಕಡೆ ಉಬ್ಬಿದೆ, ಒಂದು ಕಡೆ ಚಪ್ಪಟೆ. ಬಿದ್ದಾಗ ಮುಂದಿನ ಎರಡು ಹಲ್ಲೂ ಹೋಗಿವೆ. ಶಿಳ್ಳೆ ಹೊಡೆಯಲು ನೋಡಿದ, ಬುಸ್ ಅಂತ ಗಾಳಿ ಬಂತು. ಹೆಸರು ಬದಲಾಯಿಸಬೇಕು ಇನ್ನು, ಬುಸ್ ಅಂತಲೇ ಕರೀರಿ ಅಂತ ನಕ್ಕ. ನಾನೂ ನಕ್ಕೆ. ಅತ್ತಿಗೆ ಒಳಗೆ ಹೋದ ಮೇಲೆ ದನಿ ತಗ್ಗಿಸಿದ.

"ತಮ್ಮಾ, ನನಗೆ ಆವತ್ತಿಂದು ಏನೂ ನೆನಪಿಲ್ಲ ಕಣೋ. ಬೆಳಿಗ್ಗೆ ಗಾಡಿ ಹತ್ತಿದ್ದಷ್ಟೇ. ಮೂವತ್ತೊಂದು ವರ್ಷದಲ್ಲಿ ಒಂದು ದಿನ ಬೆಣೆ ಮರೆತೋನಲ್ಲ. ಆದ್ರೆ ನೀನು ಶಿಳ್ಳೆ ಕೇಳಿಸಲಿಲ್ಲ ಅಂದಿದ್ದೀಯಂತೆ. ಅಂದ್ಮೇಲೆ ಹೊಡೆದಿಲ್ಲ. ನೀನ್ಯಾಕೆ ಸುಳ್ಳು ಹೇಳ್ತೀಯ."

ಗೂಡ್ಸ್ ಸದ್ದಿತ್ತು ಅಂದೆ.

ನಾನೇ ಮರೆತೆ ಅಂತ ಬರೆದು ಸಹಿ ಹಾಕಿ ಕಳಿಸಿದ್ದಾನಂತೆ. ಹೇಗಿದ್ದರೂ ಎರಡು ವರ್ಷಕ್ಕೆ ನಿವೃತ್ತಿ, ನಿನಗೆ ಇನ್ನೂ ಹದಿನೆಂಟು ವರ್ಷದ ಸರ್ವಿಸಿದೆ, ನನ್ನ ಮರೆವಿಗೆ ನೀನ್ಯಾಕೆ ಮನೆಯಲ್ಲಿ ಕೂರಬೇಕು ಅಂದ. ಕೊನೆಗೆ ನನ್ನ ಕೈ ಹಿಡಿದುಕೊಂಡು, ನನ್ನಿಂದ ನಿನಗೆ ತೊಂದರೆ ಆಯ್ತು, ಮನಸ್ಸಲ್ಲಿ ಇಟ್ಕೋಬೇಡ ಅಂದ. ಒಂದೇ ಒಂದು ಭಯವಂತೆ ಅವನಿಗೆ. ಬೆಣೆಯನ್ನೇ ಮರೆತವನು ನಾಳೆ ಇನ್ನೇನನ್ನು ಮರೆತೇನು, ಅಪ್ಪನ ಹಾಗೆ ಮನೆಯವರ ಗುರುತೂ ಸಿಗದ ಹಾಗೆ ಆದೀತಾ ಅಂತ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅತ್ತಿಗೆಯ ಹೆಸರು, ಮನೆ ನಂಬರು, ಗಾಡಿ ನಂಬರು ಹೇಳಿಕೊಂಡು ನೋಡುತ್ತಾನಂತೆ.

ಬರುವಾಗ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮಾರ್ಚ್ 18, ಸೋಮವಾರ

ಕಂಪ್ಯೂಟರ್ ಮುಟ್ಟಲಿಲ್ಲ.

ಮಾರ್ಚ್ 20, ಬುಧವಾರ

ಭಾವ ಹೇಳುವುದು ಸರಿ. ಅವನೇ ಒಪ್ಪಿಕೊಂಡ ಮೇಲೆ ನನ್ನದೇನಿದೆ. ನಾನು ಯಾರ ಕೈ ಹಿಡಿದೂ ಸಹಿ ಹಾಕಿಸಿಲ್ಲ.

ಗಾಡಿ ಹೆಚ್ಚು ಕಡಿಮೆ ಮುಗಿದಿದೆ. ಮೆಟ್ಟಿಲಿನ ಪಕ್ಕ ಬೆಣೆ ತೂಗುಹಾಕುವ ಎರಡು ಕೊಕ್ಕೆ ಕಟ್ಟಿದೆ. ಬೆಣೆ ಕಟ್ಟಲು ಕೂತರೆ ಕೈ ಓಡಲಿಲ್ಲ. ಮರದ ತ್ರಿಕೋನ, ಹಳದಿ ಬಣ್ಣ, ಕಂಟೇನರಿನ ಒಂದು ಬಾಗಿಲಿನಷ್ಟೂ ಕೆಲಸವಿಲ್ಲ. ಮಧ್ಯಾಹ್ನವೆಲ್ಲ ಕೂತೆ. ಕೊನೆಗೆ ಕೊಕ್ಕೆ ಖಾಲಿ ಬಿಟ್ಟು ಎದ್ದೆ. ಅಷ್ಟು ಸಣ್ಣದನ್ನು ಯಾರು ನೋಡುತ್ತಾರೆ.

ಮಾರ್ಚ್ 24, ಭಾನುವಾರ

ಗುಂಪಿಗೆ ಹಾಕಿದೆ. ಮಾದರಿಯ ಜೊತೆ ಅದನ್ನು ಕಟ್ಟಲು ನೋಡಿಕೊಂಡ ಫೋಟೋಗಳನ್ನೂ ಹಾಕಬೇಕು ಅನ್ನುವುದು ಅಲ್ಲಿನ ಪದ್ಧತಿ, ಪರೀಕ್ಷೆ ಮಾಡುವವರು ಎರಡನ್ನೂ ಹೋಲಿಸಿ ತಪ್ಪು ಹೇಳುತ್ತಾರೆ. ಹಾಕಿದೆ.

ಆಮೇಲೆ ನಾನೇ ಒಂದು ಸಲ ಓಡಿಸಿ ನೋಡಿದೆ. ಆಟದ ಯಾರ್ಡಿನಲ್ಲೂ ಮೂರನೇ ಬದಿ ಹಳಿ ಇದೆ, ಅದೇ ಇಳಿಜಾರು. ನಿಲ್ಲಿಸಿ ಕೈಬ್ರೇಕು ಹಾಕಿದೆ. ಅಲ್ಲಾಡಲಿಲ್ಲ. ಅರ್ಧ ಗಂಟೆ ನೋಡುತ್ತಾ ಕೂತೆ, ಗಾಡಿ ಒಂದಿಂಚೂ ಕದಲಲಿಲ್ಲ. ಇದ್ದಕ್ಕಿದ್ದಂತೆ ಅಳು ಬಂತು. ಇವಳು ಅಡಿಗೆಮನೆಯಲ್ಲಿದ್ದಳು, ನೋಡಲಿಲ್ಲ.

ಮಾರ್ಚ್ 26, ಮಂಗಳವಾರ

ಗುಂಪಿನಲ್ಲಿ ಭೂತಗನ್ನಡಿ ಅಂತ ಒಬ್ಬ ಇದ್ದಾನೆ. ಗಂಡೋ ಹೆಣ್ಣೋ, ಯಾವ ದೇಶದವನೋ, ಯಾರಿಗೂ ಗೊತ್ತಿಲ್ಲ. ಹಿಂದೆ ನನ್ನ ಒಂದು ಕಂಟೇನರಿನಲ್ಲಿ ಬಾಗಿಲಿನ ತಿರುಗಣೆ ಒಂದು ಕಡಿಮೆ ಇದೆ ಅಂತ ವಾರಗಟ್ಟಲೆ ಜೀವ ತಿಂದಿದ್ದ. ಎಣಿಸಿದರೆ ಅವನು ಹೇಳಿದ್ದೇ ಸರಿ.

ಇವತ್ತು ಬರೆದಿದ್ದಾನೆ. ಗಾಡಿ ಬಹಳ ಚೆನ್ನಾಗಿದೆ ಡಬ್ಬಿ, ಆದರೆ ಎರಡು ಮಾತು. ಒಂದು, ಕೊಕ್ಕೆ ಇದೆ, ಬೆಣೆ ಎಲ್ಲಿ. ಎರಡು, ಚಕ್ರದ ಫೋಟೋದಲ್ಲಿ ಎಡಗಡೆ ಕೆಳಗೆ ಬಿಳಿ ಗೆರೆಯ ಒಂದು ಕಲ್ಲಿದೆ. ಅದೇ ಕಲ್ಲು ನಾಲ್ಕು ಬೆರಳು ಆಚೆ ಮತ್ತೆ ಬಂದಿದೆ. ಅಲ್ಲಿ ಏನನ್ನೋ ಅಳಿಸಿದ್ದೀರಿ. ಅಳಿಸದ ಫೋಟೋ ಹಾಕಿ, ಅದು ಗಾಡಿಗೆ ಸೇರಿದ ಭಾಗವೇ ಇರಬಹುದು.

ಕಸ ಇತ್ತು, ಅಳಿಸಿದೆ, ನಿಮಗೆ ಬೇರೆ ಕೆಲಸ ಇಲ್ಲವಾ ಅಂತ ಬರೆದೆ. ಐದು ವರ್ಷದಲ್ಲಿ ಅಲ್ಲಿ ಯಾರಿಗೂ ಹಾಗೆ ಬರೆದವನಲ್ಲ.

ಮಾರ್ಚ್ 28, ಗುರುವಾರ

ಬರೆಯುವುದಕ್ಕೆ ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ಎರಡು ದಿನ ಆ ಕಲ್ಲೇ ಕಣ್ಣ ಮುಂದೆ. ಯಾರಿಗೂ ಕಾಣಲ್ಲ, ಅವನೊಬ್ಬ ತಲೆಹರಟೆ ಅಂತ ನನಗೆ ನಾನೇ ಹೇಳಿಕೊಂಡೆ. ಮಧ್ಯಾಹ್ನ ಇವಳನ್ನು ಕರೆದೆ. ಇವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡುತ್ತಾಳೆ, ಹರಿದದ್ದು, ಬಿಗಿಯಾದದ್ದು, ಸಡಿಲಾದದ್ದು ಎಲ್ಲ ಇವಳ ಹತ್ತಿರ ಬರುತ್ತದೆ. ಈ ಫೋಟೋದಲ್ಲಿ ಏನಾದರೂ ತಪ್ಪು ಕಾಣುತ್ತಾ ನೋಡು ಅಂದೆ. ಕಾಣಲ್ಲ ಅನ್ನಲಿ ಅಂತಲೇ ಕರೆದದ್ದು. ಬಾಯಲ್ಲಿದ್ದ ಗುಂಡುಸೂಜಿ ತೆಗೆದು ರವಿಕೆಗೆ ಚುಚ್ಚಿಕೊಂಡು ಬಗ್ಗಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಬೆರಳಿಟ್ಟು ತೋರಿಸಿದಳು.

"ಇಲ್ಲಿ ತೇಪೆ ಹಾಕಿದ್ದೀರಿ. ಹೂವಿನ ಬಟ್ಟೆಗೆ ಅದೇ ಬಟ್ಟೆ ಹಚ್ಚಿದ್ರೆ ಹೀಗೇ, ಒಂದೇ ಹೂವು ಎರಡು ಕಡೆ ಬರುತ್ತೆ. ಕೆಳಗೆ ಏನಿತ್ತು?"

ಕಸ ಅಂದೆ. ತೋರಿಸಿ ಅಂದಳು.

ಹಳೆಯ ಫೋಟೋ ಇತ್ತು. ನಾನು ಯಾವುದನ್ನೂ ಬಿಸಾಡುವವನಲ್ಲ. ತೆರೆದೆ.

ಬೆಣೆ. ಹಳದಿ ಬಣ್ಣ, ಒಂದು ಮೂಲೆ ಸೀಳಿದೆ. ಚಕ್ರದಿಂದ ಒಂದು ಮೊಳ ದೂರ, ಜಲ್ಲಿಯ ಮೇಲೆ. ಅದರ ಮೇಲೆ ನನ್ನ ಎಡಗೈ ಗವಸು, ಕಳೆದುಹೋಗಬಾರದು ಅಂತ ಮಣಿಕಟ್ಟಿನ ಹತ್ತಿರ ಇವಳು ಹಾಕಿಕೊಟ್ಟ ಕೆಂಪು ದಾರದ ಹೊಲಿಗೆ ಸಮೇತ. ಹಳಿಯ ಮೇಲೆ, ಚಕ್ರದ ಬುಡದಲ್ಲಿ, ಬೆಣೆ ಕೂತು ಎದ್ದ ಜಾಗದಲ್ಲಿ ಜಿಡ್ಡು ಒರೆಸಿಹೋಗಿದೆ, ಹಳದಿ ಬಣ್ಣ ಒಂದಿಷ್ಟು ಹತ್ತಿದೆ.

ಇವಳು ಗವಸನ್ನೇ ನೋಡುತ್ತಿದ್ದಳು. ಇದು ನನ್ನ ಹೊಲಿಗೆ ಅಂದಳು. ಆಮೇಲೆ, ಅಣ್ಣ ಕಚೇರಿಗೆ ಕೊಟ್ಟು ಬಂದದ್ದು ಯಾವ ಫೋಟೋ ಅಂತ ಕೇಳಿದಳು. ಹೋಗಿ ಮಿಷನ್ ಮುಂದೆ ಕೂತಳು. ಮಿಷನ್ ಓಡಲಿಲ್ಲ.

ಶಿಳ್ಳೆ ಕೇಳಿಸಿತ್ತು. ಎರಡು ಸಲ. ಗೂಡ್ಸ್ ಬಂದದ್ದು ಆಮೇಲೆ. ನಾನು ಗಾಡಿಗೆ ಬಡಿದಿದ್ದೆ, ಎರಡು ಸಲ. ಆಮೇಲೆ ಬಿಡುವಿದೆಯಲ್ಲ, ಚಕ್ರದ್ದೊಂದು ಮುಗಿಸಿಬಿಡೋಣ ಅಂತ ಕುಕ್ಕುರುಗಾಲಲ್ಲಿ ಕೂತೆ. ಚಕ್ರದ ಬುಡಕ್ಕೆ ಬೆಣೆ ಅಡ್ಡ ಬರುತ್ತಿತ್ತು. ಎರಡೇ ನಿಮಿಷ ಅಂತ ಎಳೆದು ಪಕ್ಕಕ್ಕಿಟ್ಟೆ. ಫೋನ್ ಹಿಡಿಯಲು ಗವಸು ಬಿಚ್ಚಿ ಅದರ ಮೇಲಿಟ್ಟೆ, ಮರೆಯಬಾರದು ಅಂತಲೇ ಅಲ್ಲಿಟ್ಟೆ. ನಾಲ್ಕು ಫೋಟೋ ತೆಗೆದೆ. ಬಿಸಿಲಿಗೆ ಪರದೆ ಕಾಣಲಿಲ್ಲ, ಸರಿಯಾಗಿ ಬಂದಿದೆಯಾ ನೋಡಲು ಆಚೆ ಕಂಬದ ನೆರಳಿಗೆ ಹೋದೆ. ಒಂದೊಂದೇ ದೊಡ್ಡದು ಮಾಡಿ ನೋಡುತ್ತಿದ್ದೆ. ಆಗ ಕೂಗು ಕೇಳಿಸಿತು. ಆ ಗಲಾಟೆಯಲ್ಲಿ ಗವಸು ಎಲ್ಲಿ ಬಿತ್ತೋ ಗೊತ್ತಿಲ್ಲ.

ನನಗೆ ಗೊತ್ತಿತ್ತಾ? ಗೊತ್ತಿತ್ತು ಅಂತ ಬರೆದರೆ ಸುಳ್ಳು, ಗೊತ್ತಿರಲಿಲ್ಲ ಅಂದರೂ ಸುಳ್ಳು. ಹನ್ನೊಂದು ವರ್ಷ ದಿನಾ ನೋಡಿದ ಬೆಣೆಯನ್ನು ಈ ಪುಸ್ತಕದಲ್ಲೇ ಮರದ ತುಂಡು ಅಂತ ಬರೆದಿದ್ದೇನೆ. ನನ್ನ ಗವಸನ್ನು ಏನೋ ಬಟ್ಟೆ ಅಂದಿದ್ದೇನೆ. ಥೂ.

ಮಾರ್ಚ್ 29, ಶುಕ್ರವಾರ

ಸತ್ತರೆ ಸಾಕು ಅನ್ನಿಸುತ್ತಿದೆ. ಬರೆದಿಟ್ಟರೆ ಸ್ವಲ್ಪ ಇಳಿಯುತ್ತದೇನೋ ಅಂತ ಬರೆದೆ. ಇಳಿಯಲಿಲ್ಲ.

ಇವಳು ಊಟಕ್ಕೆ ಕರೆದಳು, ಪಕ್ಕದಲ್ಲೇ ಕೂತಳು.

ಏಪ್ರಿಲ್ 1, ಸೋಮವಾರ

ಭಾವನಿಗೆ ಹೇಳಿದೆ. ಅವರು ಬಾಗಿಲು ಹಾಕಿ ಬಂದು ಕೂತರು. ಆಮೇಲೆ ಒಂದು ಗಂಟೆ ಬುದ್ಧಿ ಹೇಳಿದರು, ಬೈದರು, ಕೈ ಮುಗಿದರು. ಆ ಫೋಟೋ ಅಳಿಸಿಬಿಡು, ನಿನಗೆ ನನಗೆ ಇವಳಿಗೆ ಬಿಟ್ಟರೆ ನಾಲ್ಕನೆಯವರಿಗೆ ಗೊತ್ತಿಲ್ಲ ಅಂದರು. ಶಿಳ್ಳೆಯವರೇ ಒಪ್ಪಿ ಸಹಿ ಹಾಕಿದ್ದಾರೆ, ಹೋದ ಕಾಲು ವಾಪಸ್ ಬರುತ್ತಾ, ನೀನೂ ಮುಳುಗಿದರೆ ಯಾರಿಗೆ ಲಾಭ ಅಂದರು. ಒಂದೂ ತಪ್ಪು ಮಾತಲ್ಲ. ನಾನೂ ಮೂರು ದಿನದಿಂದ ಇವೇ ಮಾತುಗಳನ್ನು ನನಗೆ ಹೇಳಿಕೊಂಡಿದ್ದೇನೆ.

ಕೊನೆಗೆ ತಂಗಿಯ ಕಡೆ ತಿರುಗಿ, ನೀನಾದರೂ ಹೇಳೇ ಅಂದರು. ಇವಳು ದಾರ ಕಚ್ಚಿ ತುಂಡು ಮಾಡಿದಳು.

"ನಾನೇನು ಹೇಳ್ಲಿ. 'ಅವರಿಗೆ ಮರೆವು ಶುರುವಾಗಿದೆ, ಹುಷಾರಾಗಿ ನೋಡ್ಕೊಬೇಕು' ಅಂತ ಶಿಳ್ಳೆಯವರ ಹೆಂಡತಿ ಮೊನ್ನೆ ಅಂಗಡೀಲಿ ಸಿಕ್ಕಾಗ ಅತ್ರು. ನಾನು ಸಮಾಧಾನ ಮಾಡಿದೆ."

ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಏಪ್ರಿಲ್ 2, ಮಂಗಳವಾರ

ಶಿಳ್ಳೆಯಣ್ಣನ ಮನೆಗೆ ಹೋಗಿ ಬಂದೆ. ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿಕೊಂಡು ಹೋಗಿದ್ದೆ. ಮಾತಿನಲ್ಲಿ ಹೇಳಲು ಹೋದರೆ ಎಲ್ಲಿ ಹೊರಳಿಬಿಡುತ್ತೇನೋ ಅಂತ ನನ್ನ ಮೇಲೇ ನನಗೆ ನಂಬಿಕೆ ಇರಲಿಲ್ಲ.

ಕೂರು ಅಂದ. ಕೂರಲಿಲ್ಲ. ಪ್ರಿಂಟ್ ಕೈಗೆ ಕೊಟ್ಟು ನಿಂತುಕೊಂಡೇ ಎಲ್ಲ ಹೇಳಿದೆ. ನೀನು ಬೆಣೆ ಇಟ್ಟಿದ್ದೆ. ಶಿಳ್ಳೆ ಹೊಡೆದಿದ್ದೆ. ನನಗೆ ಕೇಳಿಸಿತ್ತು. ತೆಗೆದವನು ನಾನು, ಫೋಟೋಗೋಸ್ಕರ. ಇದಿಷ್ಟು ಹೇಳಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಬೈಯುತ್ತಾನೆ, ಊರುಗೋಲು ಎಸೆಯುತ್ತಾನೆ ಅಂದುಕೊಂಡಿದ್ದೆ. ಎಸೆಯಲಿ ಅಂತಲೇ ಹತ್ತಿರ ನಿಂತಿದ್ದೆ.

ಅವನು ನನ್ನ ಕಡೆ ನೋಡಲೇ ಇಲ್ಲ. ಕನ್ನಡಕ ಹಾಕಿಕೊಂಡು ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಳಿಯ ಮೇಲೆ ಹಳದಿ ಬಣ್ಣ ಹತ್ತಿದ ಜಾಗಕ್ಕೆ ಉಗುರು ಇಟ್ಟ. ಆಮೇಲೆ ಒಳಗಿನವರಿಗೆ ಕೇಳುವ ಹಾಗೆ ಕೂಗಿದ.

"ಏ, ಬಾ ಇಲ್ಲಿ. ನಾನು ಇಟ್ಟಿದ್ದೆ ಕಣೇ. ಮರೆತಿರ್ಲಿಲ್ಲ. ಇಟ್ಟಿದ್ದೆ."

ಅತ್ತಿಗೆ ಒದ್ದೆ ಕೈಯಲ್ಲೇ ಬಂದರು. ಅವನು ಅಳುತ್ತಿದ್ದ, ಮುಖದ ತುಂಬ ನಗು. ಇಲ್ನೋಡು, ಇಲ್ನೋಡು ಅಂತ ಅದೇ ಜಾಗವನ್ನು ತೋರಿಸುತ್ತಿದ್ದ. ತಲೆ ಸರಿಯಾಗಿದೆ ನಂದು, ಏನೂ ಆಗಿಲ್ಲ ಅಂದ. ಅತ್ತಿಗೆ ಪ್ರಿಂಟ್ ನೋಡಲಿಲ್ಲ, ನನ್ನನ್ನು ನೋಡಿದರು. ಅವರಿಗೆ ಅರ್ಥವಾಗಿತ್ತು.

ಆ ಮನುಷ್ಯನ ಕಾಲು ತೆಗೆದವನು ನಾನು. ಒಂದೂವರೆ ತಿಂಗಳು ಅವನ ತಲೆಯ ಮೇಲಿನ ನಂಬಿಕೆಯನ್ನೂ ತೆಗೆದುಕೊಂಡಿದ್ದೆ, ಅದನ್ನು ವಾಪಸ್ ಕೊಟ್ಟದ್ದಕ್ಕೆ ಅವನು ಕುಣಿಯುವುದೊಂದು ಬಾಕಿ. ಇದನ್ನು ನೋಡುವುದಕ್ಕಿಂತ ಊರುಗೋಲಿನ ಏಟೇ ವಾಸಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಅವನಿಗೂ ಉಳಿದದ್ದು ಅರ್ಥವಾಯಿತು ಅಂತ ಕಾಣುತ್ತದೆ. ಮುಖ ಇಳಿಯಿತು. ಕನ್ನಡಕ ತೆಗೆದು ಮಡಿಸಿದ. ಪ್ರಿಂಟ್ ಇಲ್ಲೇ ಇರಲಿ ಅಂದ. ಆಮೇಲೆ, ನೀನಿನ್ನು ಹೋಗು ಅಂದ. ತಮ್ಮಾ ಅನ್ನಲಿಲ್ಲ.

ಏಪ್ರಿಲ್ 3, ಬುಧವಾರ

ಕಚೇರಿಯ ಕೋಣೆ ಚಿಕ್ಕದು. ಒಂದು ಮೇಜು, ಫ್ಯಾನು, ಗೋಡೆಯುದ್ದಕ್ಕೂ ಕಡತಗಳು. ಭಾವ ಬಂದಿರಲಿಲ್ಲ. ಹಳೆಯ ಫೋಟೋ, ಅಳಿಸಿದ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಿದೆ. ಅಧಿಕಾರಿ ತಲೆ ಎತ್ತದೆ ಬರೆದುಕೊಳ್ಳುತ್ತಾ ಹೋದರು. ಶಿಳ್ಳೆ ಕೇಳಿಸಿತ್ತೇ, ಹೌದು. ಗಾಡಿಗೆ ಬಡಿದಿರಾ, ಹೌದು. ಮೊದಲು ಸುಳ್ಳು ಹೇಳಿದಿರಾ, ಹೌದು.

"ಬೆಣೆ ಯಾಕೆ ತೆಗೆದಿರಿ?"

"ಫೋಟೋಗೆ ಅಡ್ಡ ಬರ್ತಿತ್ತು ಸಾರ್. ಗಾಡಿಯ ಮಾದರಿ ಕಟ್ತಾ ಇದ್ದೆ."

"ಮಾದರಿ ಯಾತಕ್ಕೆ? ಇಲಾಖೆಗಾ?"

"ಅಲ್ಲ ಸಾರ್. ಆಟಕ್ಕೆ."

ಆಗ ತಲೆ ಎತ್ತಿ ನನ್ನನ್ನು ನೋಡಿದರು. ಮತ್ತೆ ಬಗ್ಗಿ ಆ ಒಂದು ಪದ ಬರೆದರು, ಕೆಳಗೆ ಗೆರೆ ಎಳೆದರು. ಓದಿ ಸಹಿ ಮಾಡಿ ಅಂತ ಹಾಳೆ ತಿರುಗಿಸಿದರು. ಓದಿದೆ. ಎಲ್ಲೂ ತಪ್ಪಿರಲಿಲ್ಲ. ಸಹಿ ಮಾಡಿದೆ. ಆದೇಶ ಅಂಚೆಯಲ್ಲಿ ಬರುತ್ತದಂತೆ. ಏನು ಬರುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ.

ಮನೆಗೆ ಬಂದಾಗ ಇವಳು ಮಿಷನ್ ಮುಂದೆ ಇದ್ದಳು. ನನ್ನನ್ನು ಕಂಡು, ಕುರ್ಚಿಯ ಮೇಲಿದ್ದ ಬಟ್ಟೆ ರಾಶಿಯನ್ನು ಎತ್ತಿ ನೆಲಕ್ಕೆ ಇಟ್ಟಳು. ಕೂತೆ. ಏನು ಬರೆದುಕೊಂಡರು ಓದಿ ಅಂದಳು. ಹೇಳಿಕೆಯ ಪ್ರತಿ ಜೇಬಿನಲ್ಲಿತ್ತು, ತೆಗೆದು ಮೊದಲಿನಿಂದ ಓದಿದೆ. ಗೆರೆ ಎಳೆದ ಪದ ಬಂದಾಗ ನಿಲ್ಲಿಸಿದೆ.

"ಓದಿ," ಅಂದಳು.

ಓದಿದೆ.